ಬೈಸಿಕೊಳ್ಳದ ಮೀನು

2024ರ ಮೇ ತಿಂಗಳ ಕೊನೆ. ಶ್ರೀನಿವಾಸಪುರದಿಂದ ಸ್ವಲ್ಪ ಒಳಗಿರೋ ನಮ್ಮ ಮಾವಿನ ತೋಟ. ಕಾಯಿ ಕೀಳೋಕೆ ಬಂದಿದ್ದ ಆಳುಗಳು ಮರದ ಕೆಳಗೆ ಊಟಕ್ಕೆ ಕೂತಿದ್ರು. ಅಪ್ಪ ಅವರ ಜೊತೆಗೇ ಕೂತು ಬಾದಾಮಿ ಹಣ್ಣು ಹೆಚ್ಚುತ್ತಿದ್ದ. ಅದು ಅವನ ಎರಡನೇ ಹಣ್ಣು. ಹಿಂದಿನ ತಿಂಗಳಷ್ಟೇ ಅವನ ಮೂರು ತಿಂಗಳ ಸಕ್ಕರೆ ಸರಾಸರಿ, ಅದೇ ಎಚ್‌ಬಿಎ1ಸಿ, 9.4 ಬಂದಿತ್ತು. ನಾನು ಎಲ್ಲರ ಎದುರಿಗೇ ಶುರು ಮಾಡಿದೆ. "ನಾಲಿಗೆ ಮೇಲೆ ಒಂಚೂರು ಹಿಡಿತ ಇಲ್ವಲ್ಲಪ್ಪಾ ನಿಂಗೆ. ಕಣ್ಣು ಹೋದ್ಮೇಲೆ ನೋಡ್ಕೊಳೋರು ಯಾರು, ನಾನು ತಾನೆ?"

ಅಪ್ಪ ಮಾತಾಡಲಿಲ್ಲ. ಕೈಲಿದ್ದ ಹೋಳನ್ನ ಪಕ್ಕದಲ್ಲಿದ್ದವರ ತಟ್ಟೆಗೆ ಹಾಕಿ, ಚಾಕು ಒರೆಸಿ ಎದ್ದುಹೋದ. ಆಳುಗಳು ತಲೆ ತಗ್ಗಿಸಿ ಮುದ್ದೆ ಮುರಿಯೋದರಲ್ಲೇ ಮುಳುಗಿದ್ರು. ಆಗ ನಂಗೆ ಏನೂ ಅನ್ನಿಸಲಿಲ್ಲ. ನಾನು ಹೇಳಿದ್ದು ಸರಿಯಾಗೇ ಇತ್ತಲ್ಲ.

ಎಂಟು ತಿಂಗಳಾದಮೇಲೆ ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್‌ನಲ್ಲಿ ನಂದು 6.2 ಬಂತು. 5.7ರಿಂದ 6.4ರವರೆಗೆ ಪ್ರೀ-ಡಯಾಬಿಟಿಸ್. ಅಂದ್ರೆ ಹೊಸ್ತಿಲ ಮೇಲೆ ನಿಂತಿದ್ದೀನಿ. ವಯಸ್ಸು 33, ತೂಕ ಎಷ್ಟಿರಬೇಕೋ ಅದಕ್ಕಿಂತ 20 ಕೆಜಿ ಜಾಸ್ತಿ. ರಿಪೋರ್ಟ್ ಕೊಟ್ಟ ಡಾಕ್ಟರು ಸ್ಕ್ರೀನ್ ನೋಡ್ತಾನೇ "ಸ್ವಲ್ಪ ವಿಲ್‌ಪವರ್ ಬೆಳೆಸಿಕೊಳ್ಳಿ ಮೇಡಂ" ಅಂದ್ರು. ತೋಟದಲ್ಲಿ ನಾನು ಆಡಿದ ಮಾತು ಒಂದು ಸುತ್ತು ಹೊಡೆದು, ಇಂಗ್ಲಿಷಾಗಿ, ನನ್ನ ಹತ್ರಾನೇ ವಾಪಸ್ ಬಂದಿತ್ತು.

ಈ ಮಾತು ನಂಗೆ ಹೊಸದೇನಲ್ಲ. ಮುಳಬಾಗಿಲಲ್ಲಿ ಚಿಕ್ಕಮ್ಮನ ಮಗಳ ಮದುವೇಲಿ, ತಟ್ಟೆಗೆ ದೋಸೆ ಬೀಳೋ ಮೊದಲೇ, "ಒಸಿ ಕಡ್ಮೆ ತಿನ್ನಮ್ಮ, ನಿಂಗೂ ಆಗ್ಬೇಕಲ್ವಾ" ಅಂತ ಅತ್ತೆಯೊಬ್ರು ಎಲ್ಲರಿಗೂ ಕೇಳೋ ಹಾಗೆ ಅಂದಿದ್ರು. ಮುಳಬಾಗಿಲು ದೋಸೆ ತಿಂದವರಿಗೆ ಗೊತ್ತು, ಅದನ್ನ ಎದುರಿಗಿಟ್ಟುಕೊಂಡು ಇಂಥ ಮಾತು ಕೇಳೋದು ಎಷ್ಟು ದೊಡ್ಡ ಅನ್ಯಾಯ ಅಂತ. ಆ ಅತ್ತೆ ನಂಗೆ ಮಾಡಿದ್ದನ್ನೇ ನಾನು ಅಪ್ಪಂಗೆ ಮಾಡಿದೆ. ಇದು ತಲೆಗೆ ಹತ್ತೋಕೆ ಒಂದು ಲ್ಯಾಬ್ ರಿಪೋರ್ಟ್ ಬೇಕಾಯ್ತು ಅನ್ನೋದೇ ನಾಚಿಕೆಗೇಡು.

ಹಾಗಾದ್ರೆ ತಪ್ಪು ಯಾರದು? ಇದನ್ನ ಹುಡುಕ್ತಾ ಹೋಗಿ ನಾನು ಸೇರಿದ್ದು ಮೀನಿನ ಹತ್ರ.

ಮೊದಲು ಒಂದು ಪದದ ಗೋಳು. ನಾಲಿಗೆ ಮೇಲೆ ಹಿಡಿತ ಅಂತೀವಿ. ಆದ್ರೆ ಹಸಿವು, ಹೊಟ್ಟೆ ತುಂಬಿದ ಭಾವ, ರಕ್ತದ ಸಕ್ಕರೆ ಎಲ್ಲಿಗೆ ಹೋಗಬೇಕು, ಕೊಬ್ಬು ಎಲ್ಲಿ ಕೂರಬೇಕು, ಇವನ್ನೆಲ್ಲ ನಡೆಸೋದು ಹಾರ್ಮೋನು ಮತ್ತು ಅದನ್ನ ಕೇಳಿಸಿಕೊಳ್ಳೋ ರಿಸೆಪ್ಟರ್. ನಮ್ಮ ಪಠ್ಯಪುಸ್ತಕಗಳು ರಿಸೆಪ್ಟರ್‌ಗೆ 'ಗ್ರಾಹಕ' ಅಂತ ಬರೆಯುತ್ತವೆ. ಓದಿದಾಗೆಲ್ಲ ನಂಗೆ ರೇಷನ್ ಅಂಗಡಿ ಮುಂದಿನ ಸಾಲು ಕಣ್ಣಿಗೆ ಬರುತ್ತೆ. ಅದಕ್ಕೆ ಇಲ್ಲಿ ರಿಸೆಪ್ಟರ್ ಅಂತಲೇ ಅಂತೀನಿ.

ಮುಳಬಾಗಿಲು ತಾಲ್ಲೂಕಿನ ಆವಣಿ ದನಗಳ ಜಾತ್ರೆಯಲ್ಲಿ ವ್ಯಾಪಾರ ಕುದುರಿಸೋದನ್ನ ನೋಡಿದ್ದೀರಾ? ಇಬ್ಬರ ಕೈ ಒಂದು ಟವೆಲ್ ಕೆಳಗೆ. ಬೆರಳು ಹಿಡಿದು ಬೆಲೆ ಹೇಳ್ತಾರೆ, ಬಾಯಲ್ಲಿ ಮಾತಿಲ್ಲ. ಹಾರ್ಮೋನು ಅಂದ್ರೆ ಆ ಬೆರಳು. ಹಿಡಿದ ಬೆರಳಿಗೆ ನೂರೋ ಸಾವಿರವೋ ಅನ್ನೋದು ಎದುರಿಗಿರೋ ಕೈಗೆ ಗೊತ್ತಿರಬೇಕು. ಆ ಎದುರು ಕೈ ರಿಸೆಪ್ಟರ್.

ಇನ್ಸುಲಿನ್ ಅನ್ನೋ ಬೆರಳು ತುಂಬಾ ಹಳೇದು. ಟೊರಾಂಟೊದಲ್ಲಿ 1921ರಲ್ಲಿ ಅದನ್ನ ಮೇದೋಜೀರಕದಿಂದ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಮೊದಲ ಸಲ ಒಬ್ಬ ಹುಡುಗನಿಗೆ ಚುಚ್ಚಿದರು. ಅಲ್ಲಿಂದ ಮುಂದೆ ಸುಮಾರು 60 ವರ್ಷ ಜಗತ್ತಿನ ಸಕ್ಕರೆ ಕಾಯಿಲೆಯವರು ಬದುಕಿದ್ದು ಹಸು ಮತ್ತು ಹಂದಿಯ ಇನ್ಸುಲಿನ್‌ನಿಂದ. ಮನುಷ್ಯರ ಇನ್ಸುಲಿನ್‌ನಲ್ಲಿರೋ 51 ಅಮೈನೋ ಆಮ್ಲಗಳಲ್ಲಿ ಹಂದಿಯದಕ್ಕೂ ನಮ್ಮದಕ್ಕೂ ಇರೋ ವ್ಯತ್ಯಾಸ ಒಂದೇ ಒಂದು. ಹಸುವಿನದಕ್ಕೆ ಮೂರು. ಮೀನಿನ ಇನ್ಸುಲಿನ್ ಕೂಡ ಸಸ್ತನಿಗಳ ರಕ್ತದ ಸಕ್ಕರೆ ಇಳಿಸುತ್ತೆ. ಇಷ್ಟು ದೂರದ ನೆಂಟರ ಬೆರಳನ್ನೂ ನಮ್ಮ ಕೈ ಗುರುತಿಸುತ್ತೆ ಅಂದಮೇಲೆ 'ನನ್ನ' ಹಸಿವು, 'ನನ್ನ' ನಾಲಿಗೆ ಅನ್ನೋದರಲ್ಲಿ ನನ್ನದು ಎಷ್ಟು?

ಹಣ್ಣಿನ ನೊಣಕ್ಕೆ ಇರೋದು ಒಂದೇ ಇನ್ಸುಲಿನ್ ರಿಸೆಪ್ಟರ್. ಬೆನ್ನುಮೂಳೆ ಬರೋ ಮುಂಚಿನ ಕವಲಾದ ಆಂಫಿಯಾಕ್ಸಸ್ ಅನ್ನೋ ಸಮುದ್ರಜೀವಿಗೂ ಒಂದೇ. ನಮಗೆ ಮೂರಿವೆ. ಸುಮಾರು 50 ಕೋಟಿ ವರ್ಷಗಳ ಹಿಂದೆ, ಕಶೇರುಕಗಳ ಶುರುವಿನ ಕಾಲದಲ್ಲಿ, ಇಡೀ ಜೀನೋಮ್ ಎರಡು ಸಲ ದ್ವಿಗುಣವಾಯ್ತು ಅಂತಾರೆ. ಸುಸುಮು ಓಹ್ನೊ 1970ರಲ್ಲಿ ಇಂಥದ್ದೊಂದನ್ನ ಹೇಳಿದಾಗ ಅದು ಊಹೆ. ಇವತ್ತು ಬಹುತೇಕ ಎಲ್ಲರೂ ಒಪ್ಪೋ ಮಾತು. ನಮ್ಮ ಕಡೆ ಅಣ್ಣತಮ್ಮಂದಿರು ಭಾಗ ಆದ ಹಾಗೆ ಅಂದ್ಕೊಳಿ. ಒಬ್ಬ ಅಪ್ಪನ ಬೇಸಾಯ ಮಾಡ್ಕೊಂಡು ಉಳಿದ, ಒಬ್ಬ ಅದಕ್ಕೆ ಹತ್ತಿರದ ಬೇರೆ ಕಸುಬು ಹಿಡಿದ, ಇನ್ನೊಬ್ಬ ಏನೋ ಆಗಿಹೋದ. ಮೊದಲನೇದು ಇನ್ಸುಲಿನ್ನಿಗೆ ಕಿವಿಗೊಡುತ್ತೆ. ಎರಡನೇದು ಬೆಳವಣಿಗೆಯ ಕೆಲಸಕ್ಕೆ ಐಜಿಎಫ್-1 ಅನ್ನೋ ಹಾರ್ಮೋನಿಗೆ. ಮೂರನೇದು ಇನ್ಸುಲಿನ್ ಮಾತು ಕೇಳೋದೇ ಇಲ್ಲ. ಕಿಡ್ನಿಯಂಥ ಕಡೆ ಕೂತು ಕ್ಷಾರ ಜಾಸ್ತಿ ಆಯ್ತಾ ಅಂತ ನೋಡ್ತಿರುತ್ತೆ. ಪ್ರತಿ ಮನೇಲೂ ಇಂಥವನೊಬ್ಬ ಇರ್ತಾನಲ್ಲ.

ಇನ್ನೂ ವಿಚಿತ್ರ ಇದೆ. ಜೋ ಥಾರ್ನ್‌ಟನ್ ಅನ್ನೋ ವಿಜ್ಞಾನಿಯ ತಂಡ ಬೇರೆ ಬೇರೆ ಪ್ರಾಣಿಗಳ ಜೀನ್‌ಗಳನ್ನ ಹೋಲಿಸಿ, 45 ಕೋಟಿ ವರ್ಷಗಳ ಹಿಂದಿನ ಒಂದು ರಿಸೆಪ್ಟರನ್ನ ಲೆಕ್ಕ ಹಾಕಿ, ಲ್ಯಾಬ್‌ನಲ್ಲಿ ಮತ್ತೆ ಕಟ್ಟಿತು. ಒತ್ತಡದ ಹಾರ್ಮೋನು ಕಾರ್ಟಿಸಾಲ್‌ಗೆ ಕಿವಿಗೊಡೋ ರಿಸೆಪ್ಟರಿಗೂ, ಉಪ್ಪಿನ ಲೆಕ್ಕ ನೋಡೋ ಆಲ್ಡೋಸ್ಟೆರಾನ್‌ನ ರಿಸೆಪ್ಟರಿಗೂ ಅದೇ ಪೂರ್ವಜ. 2006ರಲ್ಲಿ ಪ್ರಕಟವಾದ ಫಲಿತಾಂಶ ಏನಪ್ಪಾ ಅಂದ್ರೆ, ಆ ಮುತ್ತಜ್ಜ ಆಲ್ಡೋಸ್ಟೆರಾನ್‌ಗೆ ಸ್ಪಂದಿಸುತ್ತಿದ್ದ. ಆದ್ರೆ ಆ ಕಾಲಕ್ಕೆ ಆಲ್ಡೋಸ್ಟೆರಾನೇ ಹುಟ್ಟಿರಲಿಲ್ಲ! ಅದು ಬಂದದ್ದು ಎಷ್ಟೋ ಕೋಟಿ ವರ್ಷ ಆದಮೇಲೆ. ಕಿವಿ ಮೊದಲು, ಮಾತು ಆಮೇಲೆ. ಅದೇ ತಂಡ 2009ರಲ್ಲಿ ಕಾರ್ಟಿಸಾಲ್ ರಿಸೆಪ್ಟರನ್ನ ಹಿಂದಕ್ಕೆ ನಡೆಸೋಕೆ ನೋಡಿತು. ಅದನ್ನ ಹೊಸದಾಗಿಸಿದ ಬದಲಾವಣೆಗಳನ್ನ ಉಲ್ಟಾ ಮಾಡಿದ್ರೆ ಹಳೇ ರಿಸೆಪ್ಟರ್ ಸಿಗಬೇಕಿತ್ತು. ಸಿಗಲಿಲ್ಲ, ಕೆಲಸವೇ ನಿಂತುಹೋಯ್ತು. ನಡುವೆ ಆಗಿದ್ದ ಸಣ್ಣಪುಟ್ಟ ಬೇರೆ ಬದಲಾವಣೆಗಳು ವಾಪಸ್ ದಾರಿಯನ್ನ ಮುಚ್ಚಿಬಿಟ್ಟಿದ್ವು.

"ಅಜ್ಜಿ ಕಾಲದ ಊಟಕ್ಕೆ ವಾಪಸ್ ಹೋಗಿ, ಎಲ್ಲ ಸರಿಹೋಗುತ್ತೆ" ಅನ್ನೋ ಸಲಹೆ ಕೇಳಿದಾಗೆಲ್ಲ ನಂಗೆ ಈ ಪ್ರಯೋಗ ನೆನಪಾಗುತ್ತೆ. ರಿಸೆಪ್ಟರಿನ ಕಥೆಯನ್ನ ಹಳ್ಳಿಯ ಕಥೆಗೆ ಸೀದಾ ಅಂಟಿಸೋದು ಸರಿಯಲ್ಲ, ಒಪ್ತೀನಿ. ಆದ್ರೂ ಹೇಳ್ತೀನಿ. ಅಜ್ಜಿ ಮುದ್ದೆ ತಿಂದದ್ದು ನಿಜ. ರಾಗೀಲೂ ಹೆಚ್ಚಿನ ಪಾಲು ಇರೋದು ಪಿಷ್ಟವೇ, ಅದರಲ್ಲಿ ಮಂತ್ರ ಏನಿಲ್ಲ. ಅಜ್ಜಿ ಮುದ್ದೆ ತಿಂದು ದಿನವಿಡೀ ಹೊಲದಲ್ಲಿ ಬಗ್ಗಿ ಎದ್ದವಳು. ನಾನು ಎರಡು ವರ್ಷ ಮಾಲೂರಿನ ದೊಡ್ಡಮ್ಮನ ಮನೇಲಿದ್ದು, ಮಾರಿಕುಪ್ಪಂ ಕಡೆಯಿಂದ ಬರೋ ಟ್ರೇನು ಹತ್ತಿ ವೈಟ್‌ಫೀಲ್ಡಿಗೆ ಓಡಾಡಿದವಳು. ಬೆಳಿಗ್ಗೆ ನಿಂತ್ಕೊಂಡು, ಒಂಬತ್ತು ಗಂಟೆ ಕೂತ್ಕೊಂಡು, ಸಂಜೆ ದೇವನಗೊಂತಿ ದಾಟೋ ಹೊತ್ತಿಗೆ ಒಂದು ಪೊಟ್ಟಣ ಬೋಂಡ. ಅವಳ ಮುದ್ದೆಯನ್ನ ನನ್ನ ಕುರ್ಚಿಗೆ ತಂದಿಟ್ಟರೆ ಅದು ಅವಳ ಮುದ್ದೆಯಾಗಿ ಉಳಿಯಲ್ಲ.

ಈಗ ಮೀನಿಗೆ ಬರ್ತೀನಿ.

ಮೆಕ್ಸಿಕೋದ ಗುಹೆಗಳಲ್ಲಿ ಕಣ್ಣಿಲ್ಲದ ಒಂದು ಜಾತಿ ಮೀನಿದೆ. ನದೀಲಿರೋ ಅದರ ದಾಯಾದಿಗಳಿಗೆ ಕಣ್ಣಿದೆ, ಬೆಳಕಿದೆ, ಊಟವೂ ಇದೆ. ಗುಹೇಲಿ ಮಾತ್ರ ಕತ್ತಲು. ಪ್ರವಾಹ ಬಂದಾಗ ಕೊಚ್ಚಿಕೊಂಡು ಬಂದದ್ದೇ ಊಟ, ಉಳಿದಂತೆ ಉಪವಾಸ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಬಂತು. ಈ ಮೀನಿನ ಇನ್ಸುಲಿನ್ ರಿಸೆಪ್ಟರಿನಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದೆ. ಹಾಗಾಗಿ ಅದು ಇನ್ಸುಲಿನ್ ಮಾತನ್ನ ಸರಿಯಾಗಿ ಕೇಳಲ್ಲ. ಸಕ್ಕರೆ ಏರುತ್ತೆ, ಇಳಿಯುತ್ತೆ, ಮೈ ತುಂಬಾ ಕೊಬ್ಬು. ಅದೇ ಬದಲಾವಣೆ ಅಪರೂಪಕ್ಕೆ ಮನುಷ್ಯರಲ್ಲೂ ಕಾಣಿಸುತ್ತೆ. ಅಂಥ ಮಕ್ಕಳಿಗೆ ತೀವ್ರವಾದ ಇನ್ಸುಲಿನ್ ಪ್ರತಿರೋಧ, ಕಷ್ಟದ ಬದುಕು. ಮೀನಿಗೆ ಏನೂ ಆಗಲ್ಲ! ನದಿಯ ದಾಯಾದಿಗಳಷ್ಟೇ ವರ್ಷ ಬದುಕುತ್ತೆ, ಸಕ್ಕರೆ ಜಾಸ್ತಿಯಾಗಿ ಅಂಗಾಂಗ ಕೆಟ್ಟ ಗುರುತೂ ಕಾಣಲ್ಲ. ಇನ್ನೊಂದು ಸಂಗತಿ. ಇದೇ ಜಾತಿಯ ಕೆಲವು ಗುಹೆಗಳ ಮೀನುಗಳಲ್ಲಿ ಹಸಿವಿಗೆ ಬ್ರೇಕ್ ಹಾಕೋ ಎಂಸಿ4ಆರ್ ಅನ್ನೋ ರಿಸೆಪ್ಟರೂ ಕೆಟ್ಟಿದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತವೆ. ಮನುಷ್ಯರಲ್ಲಿ ಆ ರಿಸೆಪ್ಟರ್ ಕೆಟ್ಟರೆ ಚಿಕ್ಕಂದಿನಿಂದಲೇ ತಡೆಯಿಲ್ಲದ ಹಸಿವು, ಬೊಜ್ಜು, ಊರವರ ಬಾಯಿ.

ಕೆಟ್ಟಿದೆ ಅಂತ ಬರೆದೆ ನೋಡಿ. ಕೆಟ್ಟಿದೆ ಅನ್ನೋದು ಮನುಷ್ಯರ ಮಾತು. ಗುಹೇಲಿ ಅದು ಗುಣ. ಅಕ್ಷರ ಅದೇ, ಬರೆದಿರೋ ಜಾಗ ಬೇರೆ. ಇಷ್ಟೇಕೆ, ನಾವು ಸಾಕೋ ಕೋಳಿಯ ರಕ್ತದಲ್ಲಿ ಸಕ್ಕರೆ ಮಾಮೂಲಾಗೇ 200ರ ಮೇಲಿರುತ್ತೆ. ಅದನ್ನ ಯಾರೂ ಪಥ್ಯಕ್ಕೆ ಹಾಕಲ್ಲ, ಸಾರಿಗೆ ಹಾಕ್ತೀವಿ.

ಈ ಕಥೆಯನ್ನ ಅಪ್ಪನ ಪರ ವಕಾಲತ್ತಿಗೆ ಬಳಸೋದು ಸುಲಭ. ನಮ್ಮ ಕಡೆ ಹಿರಿಯರು ಈಗಲೂ ಧಾತು-ಈಶ್ವರ ಸಂವತ್ಸರದ ಬರದ ಮಾತಾಡ್ತಾರೆ, 1876-78ರದ್ದು. 1871ರ ಜನಗಣತೀಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅದರಲ್ಲಿ ಬದುಕಿ ಉಳಿದವರ ಮರಿಮಕ್ಕಳು ನಾವು, ಅದಕ್ಕೇ ಕೂಡಿಡೋ ಮೈ ಅಂತ ಹೇಳಿಬಿಡಬಹುದು. ಜೇಮ್ಸ್ ನೀಲ್ 1962ರಲ್ಲೇ 'ಮಿತವ್ಯಯದ ಜೀನ್' ಅನ್ನೋ ಅರ್ಥದ ಒಂದು ಸಿದ್ಧಾಂತ ಹೇಳಿದ್ದ. ಕೇಳೋಕೆ ಚೆನ್ನಾಗಿದೆ. ಆದ್ರೆ ಅದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿರೋದು ಕಡಿಮೆ, ಮತ್ತೆ ಒಂದು ಬರ ಎರಡು ವರ್ಷದ್ದು, ರಿಸೆಪ್ಟರಿನ ಲೆಕ್ಕ ಕೋಟಿಗಟ್ಟಲೆ ವರ್ಷಗಳದ್ದು. ನಂಗೆ ಅನುಕೂಲ ಅಂತ ಒಂದು ಕಥೆಯನ್ನ ನಂಬೋದು, ಆಳುಗಳ ಎದುರು ಅಪ್ಪನ್ನ ಬೈದಷ್ಟೇ ಸೋಮಾರಿ ಕೆಲಸ.

ಅದಕ್ಕಿಂತ ನಂಬಬಹುದಾದ ಪುಸ್ತಕ ಮೈಸೂರಲ್ಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅಂತಾರೆ, 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ ಬರೆದಿಟ್ಟಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ಮಕ್ಕಳನ್ನ ಹುಡುಕಿಕೊಂಡು ಹೋದರು, ಅಷ್ಟೊತ್ತಿಗೆ ಅವರಲ್ಲಿ ಎಷ್ಟೋ ಮಂದಿ ಅಜ್ಜ ಅಜ್ಜಿಯರು. ಹುಟ್ಟಿದಾಗ ಗಿಡ್ಡಗೆ ಗುಂಡಗೆ ಇದ್ದವರಲ್ಲಿ, ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ, ಸಕ್ಕರೆ ಕಾಯಿಲೆ ಹೆಚ್ಚಿತ್ತು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿಗಳ ಕೂಸುಗಳನ್ನ ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿತು. ಇವುಗಳ ತೂಕ ಸರಾಸರಿ 2.7 ಕೆಜಿ, ಅವುಗಳದ್ದು 3.5. ಸ್ನಾಯು ಕಮ್ಮಿ, ಆದ್ರೆ ಚರ್ಮದ ಕೆಳಗಿನ ಕೊಬ್ಬು ಆ ಲೆಕ್ಕಕ್ಕೆ ಕಮ್ಮಿ ಇಲ್ಲ. ಹುಟ್ಟಿದ ದಿನಾನೇ! ಆ ಕೂಸಿಗೆ ವಿಲ್‌ಪವರ್ ಬೆಳೆಸಿಕೋ ಅಂತ ಯಾರು ಹೇಳ್ತೀರಾ?

ಇಷ್ಟು ಓದಿಯೂ ನನ್ನ ಪ್ರಶ್ನೆ ಮುಗಿದಿರಲಿಲ್ಲ. 2025ರ ಮಾರ್ಚ್‌ನಲ್ಲಿ ಅದು ದುಡ್ಡಿನ ಪ್ರಶ್ನೆಯಾಗಿ ಬಂತು. ಆ ತಿಂಗಳು ಮೌಂಜಾರೋ ಇಂಡಿಯಾಕ್ಕೆ ಬಂತು. ವಾರಕ್ಕೊಂದು ಸೂಜಿ. ಬಿಡುಗಡೆಯಾದಾಗ 2.5 ಮಿಲಿಗ್ರಾಂ ವಯಲ್‌ಗೆ 3,500 ರೂಪಾಯಿ, 5 ಮಿಲಿಗ್ರಾಂಗೆ 4,375. ನನ್ನ ತೂಕ, ರಿಪೋರ್ಟು ನೋಡಿ ಬೇರೊಬ್ಬ ಡಾಕ್ಟರು ಬರೆದುಕೊಟ್ಟರು. ಏಪ್ರಿಲ್‌ನಲ್ಲಿ ಶುರು ಮಾಡಿದೆ.

ಇದರ ಮೂಲವೂ ಕಶೇರುಕಗಳ ಒಂದು ದೊಡ್ಡ ವಂಶ. ಊಟ ಮಾಡಿದಾಗ ಕರುಳು ಜಿಎಲ್‌ಪಿ-1 ಅನ್ನೋ ಹಾರ್ಮೋನು ಬಿಡುತ್ತೆ. ಅದು ಇನ್ಸುಲಿನ್ನನ್ನ ಎಬ್ಬಿಸುತ್ತೆ, ಮೆದುಳಿಗೆ 'ಸಾಕು' ಅನ್ನುತ್ತೆ. ಸಕ್ಕರೆ ಏರಿಸೋ ಗ್ಲುಕಗಾನ್ ಹುಟ್ಟೋದೂ ಅದೇ ಜೀನ್‌ನಿಂದ, ಇವೆರಡರ ರಿಸೆಪ್ಟರುಗಳೂ ದಾಯಾದಿಗಳು. ತಮಾಷೆ ಅಂದ್ರೆ ಮೂಳೆಮೀನುಗಳಲ್ಲಿ ಜಿಎಲ್‌ಪಿ-1 ಮಾಡೋದು ಉಲ್ಟಾ ಕೆಲಸ, ಗ್ಲುಕಗಾನ್ ಥರಾನೇ ಪಿತ್ತಜನಕಾಂಗದಿಂದ ಸಕ್ಕರೆ ಹೊರಗೆ ಬಿಡಿಸುತ್ತೆ. ಬೆರಳು ಅದೇ, ಟವೆಲ್ ಕೆಳಗಿನ ಕೈ ಓದಿಕೊಳ್ಳೋ ಬೆಲೆ ಬೇರೆ. ನಮ್ಮ ರಕ್ತದಲ್ಲಿ ಈ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತೆ. 1990ರ ದಶಕದ ಶುರುವಿನಲ್ಲಿ ಜಾನ್ ಎಂಗ್ ಅನ್ನೋರು ಅಮೆರಿಕದ ಮರುಭೂಮಿಯ ಹೀಲಾ ಹಲ್ಲಿಯ ವಿಷದಲ್ಲಿ ಅದನ್ನೇ ಹೋಲೋ, ಗಂಟೆಗಟ್ಟಲೆ ಬಾಳೋ ವಸ್ತು ಕಂಡರು. ಅದರಿಂದಾದ ಔಷಧಿಗೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿಂದ ತೆರೆದ ದಾರೀಲಿ ಇವತ್ತಿನ ಸೂಜಿಗಳು ಬಂದಿವೆ. ನಾನು ಚುಚ್ಚಿಕೊಳ್ಳೋದು ಜಿಎಲ್‌ಪಿ-1 ಮತ್ತು ಜಿಐಪಿ ಅನ್ನೋ ಎರಡರ ರಿಸೆಪ್ಟರುಗಳನ್ನೂ ತಟ್ಟುತ್ತೆ.

ಮೂರನೇ ವಾರ ಒಂದು ಸಂಜೆ. ಆಫೀಸಿನ ಪ್ಯಾಂಟ್ರಿ ಮುಂದೆ ಹಾದುಹೋಗಿ ಲಿಫ್ಟಿಗೆ ನಿಂತಾಗ ಗೊತ್ತಾಯ್ತು, ನಾನು ಪ್ಯಾಂಟ್ರಿ ಕಡೆ ನೋಡಿಯೇ ಇರಲಿಲ್ಲ. ಹನ್ನೆರಡು ವರ್ಷದಿಂದ ತಲೆಯೊಳಗೆ ಸದಾ ಇದ್ದ ಒಂದು ಗುನುಗು ನಿಂತುಹೋಗಿತ್ತು. ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ನನ್ನ ಟೀಮಿನಲ್ಲಿ ಒಬ್ಬಳಿದ್ದಾಳೆ, ಕೇಕ್ ಬಂದರೆ ಒಂದು ಚೂರು ಮುರಿದು ತಿಂದು ಉಳಿದದ್ದನ್ನ ಮರೆತುಬಿಡ್ತಾಳೆ. ಅವಳದು ಶಿಸ್ತು, ನಂದು ದೌರ್ಬಲ್ಯ ಅಂತ ಇಷ್ಟು ವರ್ಷ ತಿಳಿದಿದ್ದೆ. ಅವಳು ಯಾವತ್ತೂ ಯುದ್ಧವನ್ನೇ ಮಾಡಿರಲಿಲ್ಲ. ಅವಳ ತಲೆಯೊಳಗೆ ಮೊದಲಿಂದಲೂ ಈ ನಿಶ್ಶಬ್ದ ಇತ್ತು. ಗೆದ್ದವಳಿಗೆ ಹೊಗಳಿಕೆ, ದಿನಾ ಹೋರಾಡಿ ವಾರಕ್ಕೊಮ್ಮೆ ಸೋತವಳಿಗೆ ಬುದ್ಧಿಮಾತು.

ಹಾಗಾದ್ರೆ ಯಾರೂ ಯಾವುದಕ್ಕೂ ಹೊಣೆಯಲ್ಲವೇ? ಅಲ್ಲಿಗೆ ಹೋಗೋಕೆ ನಂಗೆ ಇಷ್ಟ ಇಲ್ಲ. ಎಲ್ಲ ರಿಸೆಪ್ಟರು ಅಂದ್ರೆ ಅದು 'ಎಲ್ಲ ಹಣೆಬರಹ' ಅನ್ನೋದರ ಬಿ.ಎಸ್ಸಿ. ಆವೃತ್ತಿ ಅಷ್ಟೆ. ಹೊಣೆ ಅನ್ನೋ ನಮ್ಮ ಪದವನ್ನೇ ನೋಡಿ. ದೊಡ್ಡಪ್ಪ ಸೊಸೈಟೀಲಿ ಸಾಲ ತಗೊಂಡಾಗ ಅಪ್ಪ ಅವನಿಗೆ ಹೊಣೆ ನಿಂತಿದ್ದ. ಸಾಲ ಮಾಡಿದ್ದು ಅಪ್ಪ ಅಲ್ಲ, ಕಟ್ಟದೇ ಇದ್ದದ್ದೂ ಅಪ್ಪ ಅಲ್ಲ. ತೀರಿಸಿದ್ದು ಮಾತ್ರ ಅಪ್ಪ, ಎರಡು ವರ್ಷದ ಫಸಲಿನ ದುಡ್ಡಲ್ಲಿ. ಆಗ ಯಾರೂ ಅವನನ್ನ ತಪ್ಪಿತಸ್ಥ ಅನ್ನಲಿಲ್ಲ. ತಪ್ಪು ಬೇರೆ, ಹೊಣೆ ಬೇರೆ. 50 ಕೋಟಿ ವರ್ಷದ ಈ ಮೈಯ ಸಾಲ ನಾನು ಮಾಡಿದ್ದಲ್ಲ. ಆದ್ರೂ ಕಂತು ಕಟ್ಟಬೇಕಾದವಳು ನಾನೇ. ಅಪ್ಪನ ಸಾಲಕ್ಕೂ ಬೇಕಾದ್ರೆ ನಾನು ಹೊಣೆ ನಿಲ್ಲಬಹುದು. ಬೈಯೋದಕ್ಕಿಂತ ಅದು ಕಷ್ಟ, ಯಾಕಂದ್ರೆ ಅದಕ್ಕೆ ರಜೆ ಹಾಕಬೇಕು, ದುಡ್ಡು ಹಾಕಬೇಕು. ಬೈಯೋಕೆ ಏನೂ ಖರ್ಚಿಲ್ಲ.

ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2023ರ ವರದಿ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ನನ್ನ ಹಾಗೆ ಹೊಸ್ತಿಲ ಮೇಲೆ. ಇಷ್ಟೂ ಜನಕ್ಕೆ ಒಂದೇ ತಲೆಮಾರಿನಲ್ಲಿ ಒಟ್ಟಿಗೆ ವಿಲ್‌ಪವರ್ ಖಾಲಿಯಾಯ್ತು ಅನ್ನೋದಾದ್ರೆ ಅದಕ್ಕೂ ಯಾರಾದ್ರೂ ಕಾರಣ ಹೇಳಬೇಕಲ್ಲ. ನದೀಲಿ ಬಾಳೋಕೆ ಬಂದ ಮೈಯನ್ನ ಯಾರು ಯಾವ ಗುಹೆಗೆ ತಂದು ಬಿಟ್ಟರು, ಕುರ್ಚಿ ಯಾರದ್ದು, ಪ್ಯಾಂಟ್ರಿ ಯಾರದ್ದು? ಇದನ್ನ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದ್ರೆ ಉತ್ತರ ಸಿಗಲ್ಲ.

2025ರ ಜೂನ್‌ನಲ್ಲಿ ಊರಿಗೆ ಹೋದೆ. ತೋತಾಪುರಿ ಬೆಲೆ ಬಿದ್ದುಹೋಗಿತ್ತು. ನಮ್ಮ ತೋತಾಪುರಿ ಹೆಚ್ಚಾಗಿ ಹೋಗೋದು ಗಡಿಯಾಚೆ ಚಿತ್ತೂರಿನ ಪಲ್ಪ್ ಕಾರ್ಖಾನೆಗಳಿಗೆ. ಆ ತಿಂಗಳು ಅಲ್ಲಿನ ಜಿಲ್ಲಾಡಳಿತ ಕರ್ನಾಟಕದ ಕಾಯಿ ಒಳಗೆ ಬರೋದನ್ನೇ ನಿಲ್ಲಿಸಿತ್ತು. ಕಿತ್ತರೆ ಕೂಲಿಯೂ ಹುಟ್ಟಲ್ಲ ಅಂತ ಅಪ್ಪ ಅರ್ಧ ತೋಟ ಹಾಗೇ ಬಿಟ್ಟಿದ್ದ. ಮರದ ಕೆಳಗೆಲ್ಲ ಉದುರಿದ ಹಣ್ಣು, ನೊಣ. ಇದೇ ಹಣ್ಣು ಪಲ್ಪಾಗಿ, ಸಕ್ಕರೆ ಸೇರಿ, ಬಾಟಲಾಗಿ ನಮ್ಮ ಆಫೀಸಿನ ಫ್ರಿಜ್ಜಿಗೆ ಬರುತ್ತೆ.

ಅಪ್ಪ ಮನೆ ಹಿಂದಿನ ಮರದ ಬಾದಾಮಿ ಒಂದನ್ನ ಹೆಚ್ಚಿದ. ಒಂದು ಹೋಳು ನಂಗೆ, ಒಂದು ಅವನಿಗೆ. ನಾನು ತಿಂದೆ. ರುಚಿ ಹಾಗೇ ಇತ್ತು. ಅವನು ಇನ್ನೊಂದು ಹೋಳು ಚಾಚಿದ, ನನ್ನ ಕೈ ಮುಂದೆ ಹೋಗಲಿಲ್ಲ.

"ಇಷ್ಟೇನಾ?"

"ಇಷ್ಟೇ ಅಪ್ಪಾ. ಸಾಕು ಅನ್ನಿಸ್ತದೆ."

ಅಪ್ಪ ನನ್ನ ಕೈಯನ್ನೇ ನೋಡಿದ. "ನಂಗ್ಯಾಕಮ್ಮ ಅಂಗನ್ನಿಸಾಕಿಲ್ಲ?"

ಅವನು ಚುಚ್ಚಿ ಮಾತಾಡಿರಲಿಲ್ಲ, ನಿಜವಾಗ್ಲೂ ಕೇಳಿದ್ದ. ನಾನು ಸೂಜಿ ವಿಷಯ ಹೇಳಿದೆ, ಬೆಲೆ ಹೇಳಿದೆ. ತಿಂಗಳಿಗೆ ಎಷ್ಟಾಯ್ತು ಅಂತ ಅವನೇ ಬಾಯಲ್ಲಿ ಲೆಕ್ಕ ಹಾಕಿ ಸುಮ್ಮನಾದ. ಹೋದ ವರ್ಷ ಬೈದದ್ದಕ್ಕೆ ತಪ್ಪಾಯ್ತು ಅಂದೆ. ಅದು ಕೇಳಿಸದವನ ಹಾಗೆ ಹೋಳಿನ ಸಿಪ್ಪೆ ಕೆರೀತಿದ್ದ. ಆಮೇಲೆ ಏನು ಮಾತಾಡೋದು ಗೊತ್ತಾಗದೆ ಕಣ್ಣಿಲ್ಲದ ಮೀನಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಆ ಮೀನು ತಂದು ನಮ್ ಕಡೆ ಕೆರೇಗೆ ಬಿಟ್ರೆ?" ಕೋಲಾರದ ಕಡೆ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರೀತಿದೆ, ನಾನು ಚಿಕ್ಕವಳಿದ್ದಾಗ ಕ್ರಿಕೆಟ್ ಆಡ್ತಿದ್ದ ಅಂಗಳಗಳಲ್ಲಿ ಈಗ ಮೀನು ಹಿಡೀತಾರೆ.

"ದಿನಾ ಊಟ ಹಾಕಿದ್ರೆ ದಪ್ಪ ಆಗ್ತದೆ. ಆದ್ರೆ ಅದಕ್ಕೇನಾಗಲ್ವಂತೆ."

"ಬೈಯೋರೂ ಇರಲ್ಲ ಬಿಡು," ಅಂದ ಅಪ್ಪ.

ಸೋಮವಾರ ರಜೆ ಹಾಕಿ ಅವನನ್ನ ಕೋಲಾರಕ್ಕೆ ಕಣ್ಣಿನ ಪರೀಕ್ಷೆಗೆ ಕರ್ಕೊಂಡು ಹೋದೆ. ಹನಿ ಹಾಕಿ ಪಾಪೆ ಅಗಲ ಮಾಡಿದ್ರು. ಸಂಜೆವರೆಗೂ ಬೆಳಕಿಗೆ ಕಣ್ಣು ಬಿಡೋಕಾಗ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಭುಜ ಹಿಡ್ಕೊಂಡು ನಡೆದ.